ಕಡಗೋಲು ರಾಕೆಟ್ಟು ಮತ್ತು ಅತ್ತೆಯ ಸೀರೆ

ನಮ್ಮ ಅತ್ತೆ ತಾವು ಸತ್ತಾಗ ಉಡಿಸಬೇಕೆಂದು ಟ್ರಂಕಿನಲ್ಲಿ ಎತ್ತಿಟ್ಟುಕೊಂಡಿದ್ದ ರೇಷ್ಮೆ ಸೀರೆಯಿಂದ ಒಂದು ತುಂಡನ್ನು ನಾನು ಕತ್ತರಿಸಿ, ರಾಕೆಟ್ಟಿಗೆ ಕಟ್ಟಿ, ಆಕಾಶಕ್ಕೆ ಹಾರಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ. ಈ ಮಾತನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ಕತ್ತರಿ ತಾನೇ ನಡೆದುಕೊಂಡು ಬಂತಾ ಎಂದು ಕೇಳುತ್ತಾರೆ. ಅದಕ್ಕೇ ಮೊದಲಿನಿಂದ ಹೇಳುವುದು ವಾಸಿ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಶಾಲೆ ಮುಳಬಾಗಿಲಿನ ಕಡೆ. ಮನೆ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಯಲ್ದೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆ ನನ್ನದಲ್ಲ, ಅತ್ತೆಯದು. ಅಂದರೆ ನಾನು ಮನೆ ಅಳಿಯ. ಮಾವ ಇದ್ದಾಗಲೇ ಬಂದು ಸೇರಿಕೊಂಡವನು. ಅವರು ಹೋಗಿ ಎಂಟು ವರ್ಷವಾಯಿತು, ನಾನು ಬಂದು ಹದಿನೆಂಟು. ಇಷ್ಟು ವರ್ಷದಲ್ಲಿ ಅತ್ತೆ ಒಂದು ದಿನವೂ ನನ್ನ ಸ್ಥಾನವನ್ನು ಬಾಯಿಬಿಟ್ಟು ನೆನಪಿಸಿದವರಲ್ಲ. ಹಾಗೆ ನೆನಪಿಸುವ ಅಗತ್ಯವೂ ಬೀಳಲಿಲ್ಲ. ನನ್ನನ್ನು ಅವರು ‘ಮೇಷ್ಟ್ರೇ’ ಎಂದು ಕರೆಯುವ ರೀತಿಯಲ್ಲೇ ಎಲ್ಲವೂ ಇರುತ್ತದೆ. ನನ್ನ ಹೆಂಡತಿ ಮನೆಯ ಪಕ್ಕದ ಶೆಡ್ಡಿನಲ್ಲಿ ರೇಷ್ಮೆ ಹುಳ ಸಾಕುತ್ತಾಳೆ. ಮನೆಯ ನಿಜವಾದ ಸಂಸಾರ ಆ ಹುಳಗಳದು, ನಾವು ಮೂವರು ಅವುಗಳ ಅಡುಗೆಯವರು.

ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಿಗೆ ಎಷ್ಟು ಮರ್ಯಾದೆ ಎಂದು ಆ ಕೆಲಸದಲ್ಲಿರುವವರಿಗೆ ಹೇಳಬೇಕಾಗಿಲ್ಲ. ಯಾರು ರಜೆ ಹಾಕಿದರೂ ಅವರ ಪೀರಿಯಡ್ಡು ನನಗೆ. ವಿಜ್ಞಾನ ಪ್ರದರ್ಶನ ಬಂದರೆ ಚಾರ್ಟು ಬರೆಯುವುದು ನಾನು, ಬಹುಮಾನ ವಿಜ್ಞಾನದ ಮೇಷ್ಟ್ರಿಗೆ. ಇಪ್ಪತ್ತು ವರ್ಷದಲ್ಲಿ ರಾಕೆಟ್ಟಿನ ಸೀಳುನೋಟ ಎಷ್ಟು ಬರೆದಿದ್ದೇನೋ ಲೆಕ್ಕವಿಲ್ಲ. ಇಲ್ಲಿ ಇಂಧನ, ಇಲ್ಲಿ ಬೆಂಕಿ, ಇಲ್ಲಿ ಬಾಣದ ಗುರುತು. ಬರೆದೂ ಬರೆದೂ ಒಂದು ದಿನ ನನಗೆ ಕೋಪ ಬಂತು. ಒಂದನ್ನಾದರೂ ಹಾರಿಸಿ ನೋಡದೆ ಇದನ್ನೆಲ್ಲ ಯಾಕೆ ನಂಬಬೇಕು?

ಹಾಗಾಗಿ ಬೇಸಿಗೆ ರಜೆ ಹತ್ತಿರ ಬಂದಾಗ ಬೆಂಗಳೂರಿಗೆ ಹೋಗಿದ್ದವನು ಆಟದ ವಿಮಾನ ಮಾರುವ ಅಂಗಡಿಯೊಂದರಿಂದ ಒಂದು ರಾಕೆಟ್ ಕಿಟ್ ತಂದೆ. ಅಂಗಡಿಯಲ್ಲಿ ಪೆನ್ಸಿಲ್ಲಿನಂತೆ ಚೂಪಾದ, ಬಾಲಕ್ಕೆ ಮೂರು ರೆಕ್ಕೆ ಇದ್ದ ಸಂಭಾವಿತ ರಾಕೆಟ್ಟುಗಳೂ ಇದ್ದವು. ನಾನು ಆರಿಸಿದ್ದು ಅದಲ್ಲ. ಉದ್ದ ಕೊಳವೆ, ಬುಡದಲ್ಲಿ ರೆಕ್ಕೆಗೆ ಬದಲು ಒಂದರ ಮೇಲೊಂದು ಎರಡು ರಟ್ಟಿನ ಬಳೆ, ಬಳೆಯನ್ನು ಕೊಳವೆಗೆ ಹಿಡಿದಿಡುವ ಆರು ತೆಳು ಪಟ್ಟಿ, ಮೇಲೆ ಹಗುರ ಮರದ ಗುಂಡು ಮೂತಿ. ಇಂಥದ್ದನ್ನು ನಾನು ಯಾವ ಚಾರ್ಟಿನಲ್ಲೂ ಬರೆದಿರಲಿಲ್ಲ. ವಿಜ್ಞಾನದ ಮೇಷ್ಟ್ರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ರೆಕ್ಕೆ ಇಲ್ದೆ ಇದು ಹಾರಲ್ಲ ಸಾರ್. ಬಣ್ಣ ಹೊಡ್ದು ಷೋಕೇಸಲ್ಲಿಡಿ, ಚೆನ್ನಾಗಿರುತ್ತೆ” ಎಂದರು. ಆ ‘ಬಣ್ಣ ಹೊಡ್ದು’ ಎನ್ನುವುದು ನನಗೆ ಸರಿಯಾಗಿ ತಗುಲಿತು. ಇದು ಹಾರದಿದ್ದರೆ ನನ್ನ ಹೆಸರು ಬದಲಾಯಿಸಿಕೊಳ್ಳುತ್ತೇನೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಾಯಲ್ಲಿ ಅನ್ನಲಿಲ್ಲ, ಪುಣ್ಯ.

ಮನೆಗೆ ತಂದು ಜಗಲಿಯ ಮೇಲೆ ಬಿಚ್ಚಿದಾಗ ಅತ್ತೆ ಬಂದು ನಿಂತರು. ಹಿಂದಿನ ವರ್ಷ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರಿಗೆ ನೋಡಬೇಕಾದದ್ದು, ನೋಡಬಾರದ್ದು ಎಲ್ಲವೂ ಕಾಣುತ್ತದೆ.

“ಏನು ಮೇಷ್ಟ್ರೇ ಇದು, ಕವ್ವಂ ಇದ್ದಂಗೈತೆ” ಎಂದರು. ನಮ್ಮ ಕಡೆ ಅರ್ಧ ಮಾತು ತೆಲುಗಿನದು. ಕವ್ವಂ ಅಂದರೆ ಮಜ್ಜಿಗೆ ಕಡೆಯುವ ಕಡಗೋಲು. ನೋಡಿದರೆ ನಿಜಕ್ಕೂ ಹಾಗೇ ಇತ್ತು. ಅವತ್ತಿನಿಂದ ನಮ್ಮ ಮನೆಯಲ್ಲಿ ರಾಕೆಟ್ ಎಂಬ ಮಾತು ಹುಟ್ಟಲಿಲ್ಲ. ಕವ್ವಂ ಎಲ್ಲಿ, ಕವ್ವಂ ಒಣಗಿತಾ, ಕವ್ವಂ ಕಾಲಿಗೆ ಸಿಕ್ಕೀತು ಎತ್ತಿಡಿ.

ಅದನ್ನು ಕಟ್ಟುವುದೇ ಒಂದು ವನವಾಸವಾಯಿತು. ಹುಳಕ್ಕೆ ವಾಸನೆ ಆಗುವುದಿಲ್ಲ. ಊದುಬತ್ತಿ ಆಗುವುದಿಲ್ಲ, ಸೀಮೆಎಣ್ಣೆ ಆಗುವುದಿಲ್ಲ, ಪೌಡರು ಹಾಕಿಕೊಂಡ ನೆಂಟರು ಆಗುವುದಿಲ್ಲ. ಬಣ್ಣದ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಶೆಡ್ಡಿನೊಳಗಿಂದ ಹೆಂಡತಿ, “ರೀ, ಹುಳ ಮೂರನೇ ಜ್ವರದಾಗವೆ, ಮುಚ್ಚಿ ಅದನ್ನ” ಎನ್ನುತ್ತಿದ್ದಳು. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾನು ಹದಿನೆಂಟು ವರ್ಷದಲ್ಲಿ ಎಷ್ಟೋ ಸಲ ನಿಜವಾದ ಜ್ವರ ಬಂದು ಮಲಗಿದ್ದೇನೆ, ಆಗ ಯಾರೂ ಡಬ್ಬಿ ಮುಚ್ಚಲಿಲ್ಲ. ಕೊನೆಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ, ಹಸುವಿನ ಬಾಲದ ಏಟು ತಿನ್ನುತ್ತ ಕೂತು ಕಟ್ಟಿದೆ. ಬಳೆಗಳನ್ನು ಒಂದು ಕೂದಲೆಳೆ ವಾರೆಯಾಗದಂತೆ ಕೂರಿಸಿದೆ. ನನ್ನ ಕೈ ಒಳ್ಳೆಯದು, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎಡವಟ್ಟು ಮಾಡಿದ್ದು ಕೈಯಲ್ಲ, ತಲೆ. ಮೂತಿಯನ್ನು ಕೊಳವೆಗೆ ಹಿಡಿದಿಡುವ ರಬ್ಬರ್ ದಾರವನ್ನು ಕಾಗದದ ಪಟ್ಟಿಯಲ್ಲಿ ಸುತ್ತಿ ಒಳಗೆ ಅಂಟಿಸಬೇಕು. ಮರಕ್ಕೆ ಹಾಕುವ ಅಂಟನ್ನೇ ಬಳಸಿ ಎಂದು ಹಾಳೆಯಲ್ಲಿ ಬರೆದಿತ್ತು. ಇಪ್ಪತ್ತು ವರ್ಷ ಚಾರ್ಟು ಅಂಟಿಸಿದವನಿಗೆ ಅಂಟಿನ ಪಾಠವೇ ಎಂದು ನಾನು ಮೈದಾ ಗಂಜಿ ಕಾಯಿಸಿ ಹಚ್ಚಿದೆ. ಆಮೇಲೆ ಪ್ಯಾರಾಚೂಟು. ಅದು ತೆಳು ಪ್ಲಾಸ್ಟಿಕ್ಕಿನದು, ಮಡಿಸಿ ಮಡಿಸಿ ಗೆರೆ ಬಿದ್ದಿತ್ತು. ಗೆರೆ ಇರುವ ಹಾಳೆಯ ಮೇಲೆ ನಾನು ಚಿತ್ರವನ್ನೇ ಬರೆಯುವವನಲ್ಲ. ಮೇಲೊಂದು ನ್ಯೂಸ್ ಪೇಪರ್ ಹಾಸಿ ಇಸ್ತ್ರಿ ಪೆಟ್ಟಿಗೆ ಎಳೆದೆ. ಎತ್ತಿ ನೋಡಿದರೆ ಪ್ಯಾರಾಚೂಟು ಅಂಗೈಯಷ್ಟಾಗಿ ಪೇಪರಿಗೆ ಕಚ್ಚಿಕೊಂಡಿತ್ತು.

ನನ್ನ ಮುಖ ನೋಡಿ ಹೆಂಡತಿ, “ರೇಷ್ಮೆ ಬೆಳೆಯೋ ಮನೇಲಿ ಕೂತ್ಕೊಂಡು ಪ್ಲಾಸ್ಟಿಕ್ಕಿಗೆ ಅಳ್ತೀರಲ್ಲ” ಎಂದು ಹೇಳಿ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದಳು. ಮುಂದೆ ನಾನು ಈ ಮಾತನ್ನು ಸಾಕ್ಷಿಯಾಗಿ ಬಳಸಲು ಬಹಳ ಪ್ರಯತ್ನಪಟ್ಟೆ. ನಡೆಯಲಿಲ್ಲ.

ಮಾತೇನೋ ಸರಿಯಾಗಿಯೇ ಇತ್ತು. ಇಡೀ ಸೀಮೆ ಹಿಪ್ಪುನೇರಳೆ ನೆಟ್ಟು ಗೂಡು ಬಿಡಿಸುವಾಗ ನಾನು ಪ್ಲಾಸ್ಟಿಕ್ಕಿಗೆ ಯಾಕೆ ಕೈಚಾಚಬೇಕು? ನಡುಮನೆಯ ಟ್ರಂಕು ತೆಗೆದೆ. ಅದರಲ್ಲಿ ಹೆಂಡತಿಯ ಹಬ್ಬದ ಸೀರೆಗಳಿರುತ್ತವೆಂದು ಗೊತ್ತಿತ್ತು. ತಳದಲ್ಲಿ, ಒಣ ಬೇವಿನ ಎಲೆಯ ಕೆಳಗೆ, ಹಳೆಯ ಪಂಚೆಯಲ್ಲಿ ಸುತ್ತಿಟ್ಟ ಒಂದು ಸೀರೆ ಸಿಕ್ಕಿತು. ಬದನೆಕಾಯಿ ಬಣ್ಣ, ಸಾಸಿವೆ ಬಣ್ಣದ ಅಂಚು. ಮಡಿಕೆ ಕೂಡ ಒಡೆದಿರಲಿಲ್ಲ. ಹೆಂಡತಿ ಇದನ್ನು ಉಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲವಾದ್ದರಿಂದ, ಯಾವುದೋ ಮದುವೆಯಲ್ಲಿ ಕೊಟ್ಟದ್ದು, ಬಣ್ಣ ಹಿಡಿಸದೆ ತಳಕ್ಕೆ ತಳ್ಳಿದ್ದಾಳೆ ಎಂದು ತೀರ್ಮಾನಿಸಿದೆ. ಒಂದು ತುದಿಯಲ್ಲಿ ಅಂಚು ಬಿಟ್ಟರೆ ಏನೂ ಇಲ್ಲದ ಬರಿಯ ಬಟ್ಟೆ. ಇದು ಸೀರೆಗೆ ಸೇರಿಕೊಂಡು ಬರುವ ರವಿಕೆ ಬಟ್ಟೆ, ಇವತ್ತಲ್ಲ ನಾಳೆ ಕತ್ತರಿಸುವುದೇ ತಾನೇ ಎಂದುಕೊಂಡೆ. ಒಂದೂವರೆ ಮೊಳ ಕತ್ತರಿಸಿದೆ. ಉಳಿದದ್ದನ್ನು ಇದ್ದ ಹಾಗೇ ಸುತ್ತಿ ಬೇವಿನ ಎಲೆ ಮುಚ್ಚಿಟ್ಟೆ. ಆ ತುಂಡಿನಿಂದ ಎಂಟು ಮೂಲೆಯ ಪ್ಯಾರಾಚೂಟು ಮಾಡಿದೆ. ನಡುವೆ ಗಾಳಿ ಹೋಗಲು ಒಂದು ತೂತು ಬಿಡಿ ಎಂದು ಹಾಳೆಯಲ್ಲಿತ್ತು. ಅಷ್ಟು ಒಳ್ಳೆಯ ರೇಷ್ಮೆಗೆ ತೂತು ಮಾಡಲು ನನಗೆ ಮನಸ್ಸು ಬರಲಿಲ್ಲ.

ಹಾರಿಸಲು ಜಾಗ ಬೇಕಿತ್ತು. ಮೊದಲಾಗಿದ್ದರೆ ಕೆರೆಯಂಗಳ ಇತ್ತು, ವರ್ಷಾನುಗಟ್ಟಲೆ ಒಣಗಿ ಕ್ರಿಕೆಟ್ಟಿಗೂ ಮದುವೆಯ ಪಾರ್ಕಿಂಗಿಗೂ ಬರುತ್ತಿತ್ತು. ಈಗ ಬೆಂಗಳೂರಿನಿಂದ ನೀರು ಬಂದು ಕೆರೆ ತುಂಬಿದೆ. ಹಾಗಾಗಿ ಊರಾಚೆ ರಾಗಿಗೆಂದು ಉತ್ತು ಬಿಟ್ಟಿದ್ದ ನಮ್ಮದೇ ಹೊಲವನ್ನು ಆರಿಸಿದೆ. ಸೋಮವಾರ ಬೆಳಗ್ಗೆ ಆರೂವರೆ ಎಂದು ಗೊತ್ತು ಮಾಡಿದೆ. ಆ ಹೊತ್ತಿಗೆ ಗಾಳಿ ಇರುವುದಿಲ್ಲ. ಹುಳಕ್ಕೆ ಸೊಪ್ಪು ಹಾಕಿ ಮುಗಿಸದೆ ಹೆಂಡತಿ ಬರುವ ಹಾಗಿಲ್ಲ, ಅದು ಮುಗಿದಾಗ ಏಳೂವರೆ. ಹೊರಡೋಣ ಎಂದರೆ ಅತ್ತೆ ಜಗಲಿಯಿಂದ ಏಳಲಿಲ್ಲ.

“ಸೋಮವಾರ ಏಳೂವರೆಯಿಂದ ಒಂಬತ್ತು ರಾಹುಕಾಲ. ಮೇಲಕ್ಕೆ ಹೋಗೋ ವಸ್ತು. ಕುತ್ಕೊಳ್ಳಿ.”

“ರಾಕೆಟ್ಟಿಗೆ ರಾಹುಕಾಲ ಇಲ್ಲ ಅತ್ತೆ.”

“ರಾಕೆಟ್ಟಿಗೆ ಇಲ್ದೆ ಇರ್ಬೋದು. ಕವ್ವಂಗೆ ಐತೆ.”

ಒಂಬತ್ತೂ ಐದಕ್ಕೆ ಹೊಲದಲ್ಲಿದ್ದೆವು. ಅಷ್ಟರಲ್ಲಿ ಪಡುವಲಿಂದ ಗಾಳಿ ಎದ್ದಿತ್ತು. ಡೈರಿಗೆ ಹಾಲು ಹಾಕಿ ಮನೆಗೆ ಹೋಗುತ್ತಿದ್ದ ನಾಲ್ಕಾರು ಜನ ಕ್ಯಾನು ಹಿಡಿದುಕೊಂಡು ಬದುವಿನ ಮೇಲೆ ನಿಂತರು. ಬುಡಕ್ಕೆ ತುರುಕುವ ಮದ್ದಿನ ಕೊಳವೆಗೆ ಮೋಟಾರು ಎನ್ನುತ್ತಾರೆ ಎಂದು ನಾನು ವಿವರಿಸಿದಾಗ ಒಬ್ಬ ಎಷ್ಟು ಎಚ್ಪಿ ಎಂದು ಕೇಳಿದ. ಮುಳಬಾಗಿಲಿನ ವೆಲ್ಡಿಂಗ್ ಅಂಗಡಿಯಿಂದ ತಂದ ಮೂರಡಿ ಸರಳನ್ನು ನೆಟ್ಟಗೆ ಹುಗಿದು, ರಾಕೆಟ್ಟನ್ನು ಅದಕ್ಕೆ ಪೋಣಿಸಿ, ಸ್ಕೂಟರಿನ ಬ್ಯಾಟರಿಯಿಂದ ತಂತಿ ಎಳೆದೆ. ಅತ್ತೆ ಹೊಂಗೆಮರದ ನೆರಳಲ್ಲಿ ಕಲ್ಲಿನ ಮೇಲೆ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಎಣಿಸತೊಡಗಿದೆ. ಹತ್ತು, ಒಂಬತ್ತು, ಎಂಟು. ಐದಕ್ಕೆ ಬರುವಾಗ ಅತ್ತೆ ಕೂಗಿದರು.

“ಅದೇನು ಮೇಷ್ಟ್ರೇ ಹಿಂದ್ಹಿಂದಕ್ಕೆ ಎಣಿಸ್ತೀರಾ? ಒಳ್ಳೇ ಕೆಲಸಕ್ಕೆ ಮುಂದಕ್ಕೆ ಎಣಿಸ್ಬೇಕು.”

ಬದುವಿನ ಮೇಲಿದ್ದವರೆಲ್ಲ ಹೌದು ಹೌದು ಎಂದರು. ವಾದ ಮಾಡಿ ಗೆದ್ದು ಅಭ್ಯಾಸವಿಲ್ಲದ ನಾನು ಒಂದರಿಂದ ಹತ್ತಕ್ಕೆ ಎಣಿಸಿ ಗುಂಡಿ ಒತ್ತಿದೆ.

ಹಾರಿತು. ಸುಯ್ಯೆಂದು ಒಂದು ಸದ್ದು, ಸ್ವಲ್ಪ ಹೊಗೆ, ಸರಳು ಖಾಲಿ. ರೆಕ್ಕೆಯಿಲ್ಲದ ಆ ಕಡಗೋಲು ಒಂದು ಚೂರೂ ಓಲಾಡದೆ, ಐದಾರು ತೆಂಗಿನಮರ ಒಂದರ ಮೇಲೊಂದು ಇಟ್ಟಷ್ಟು ಎತ್ತರಕ್ಕೆ, ಗೆರೆ ಎಳೆದ ಹಾಗೆ ಹೋಯಿತು. ನನಗೆ ಆಗ ಆದ ಸಂತೋಷವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಮದುವೆಯ ದಿನಕ್ಕಿಂತ ಹೆಚ್ಚಾಗಿತ್ತು. ಮೇಲೆ ಪಟ್ ಎಂದು ಸಣ್ಣ ಸದ್ದಾಯಿತು; ಮೂತಿ ಕಳಚಿ ಪ್ಯಾರಾಚೂಟು ಹೊರಗೆ ಬರುವ ಸದ್ದು. ಜತೆಯಲ್ಲೇ ಮೈದಾ ಗಂಜಿಯೂ ಬಿಟ್ಟುಕೊಂಡಿತು. ಕೊಳವೆ ಒಂದೇ ಉರುಳುತ್ತ ಬಂದು ಮೂವತ್ತು ಹೆಜ್ಜೆ ಆಚೆ ಉತ್ತ ಮಣ್ಣಿನಲ್ಲಿ ಬಿತ್ತು, ಬಳೆಗಳಿಗೆ ಪೆಟ್ಟಾಗಲಿಲ್ಲ. ಮೇಲೆ ಉಳಿದದ್ದು ನೆಲ್ಲಿಕಾಯಿ ಗಾತ್ರದ ಹಗುರ ಮೂತಿ ಮತ್ತು ಅದನ್ನು ಎತ್ತಿ ಹಿಡಿದ ಎಂಟು ಮೂಲೆಯ ರೇಷ್ಮೆ. ಅದು ಅರಳಿತು. ಬಿಸಿಲು ಅದರೊಳಗಿಂದ ಬಂತು. ತೂತಿಲ್ಲದ ಅಪ್ಪಟ ರೇಷ್ಮೆ ಗಾಳಿಯನ್ನು ಒಂದಿಷ್ಟೂ ಬಿಟ್ಟುಕೊಡದೆ, ಇಳಿಯುವ ಮಾತೇ ಆಡದೆ, ಮೂಡಲ ಕಡೆಯ ಮಾವಿನ ತೋಪುಗಳತ್ತ ಹೊರಟಿತು.

ಎಲ್ಲರೂ ಅದನ್ನೇ ನೋಡುತ್ತಿದ್ದಾಗ ಅತ್ತೆ ಹೇಳಿದರು:

“ಬಣ್ಣ ಚೆನ್ನಾಗೈತೆ. ನಮ್ಮಣ್ಣ ಕೊಟ್ಟ ಸೀರೇದೂ ಇಂಥದ್ದೇ ಬಣ್ಣ.”

ನನ್ನ ಹೆಂಡತಿ ಆಕಾಶ ಬಿಟ್ಟು ನನ್ನನ್ನು ನೋಡಿದಳು. ಮನೆಗೆ ಬಂದವಳೇ ಟ್ರಂಕು ತೆಗೆದು, ಮುಚ್ಚಿ, ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಬೈಯಲಿಲ್ಲ. ಅವಳು ಬೈಯದಿದ್ದರೆ ವಿಷಯ ದೊಡ್ಡದೆಂದೇ ಅರ್ಥ.

“ಅದು ಅಮ್ಮನ ಕೊನೆ ಸೀರೆ” ಎಂದಳು.

ವಿಷಯ ನನಗೂ ಅಷ್ಟಿಷ್ಟು ಗೊತ್ತಿತ್ತು, ಸೀರೆ ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ನಮ್ಮ ಕಡೆ ಹೆಣ್ಣು ಹೋದಾಗ ಮೈಮೇಲಿನ ಕೊನೆಯ ಸೀರೆ ತವರಿಂದ ಬರಬೇಕು. ಗಂಡನ ಮನೆಯಲ್ಲಿ ಎಷ್ಟೇ ಇರಲಿ, ಹುಟ್ಟಿದ ಮನೆಯ ಬಟ್ಟೆಯಲ್ಲೇ ಅವಳು ಹೊರಡಬೇಕು. ಅತ್ತೆಯ ತವರು ಕ್ಯಾಲನೂರಿನ ಹತ್ತಿರ. ಅಲ್ಲಿ ಇದ್ದದ್ದು ಒಬ್ಬ ಅಣ್ಣ. ಅವರಿಗೆ ಮಕ್ಕಳಿರಲಿಲ್ಲ. ಬಹಳ ಹಿಂದೆ ಒಂದು ಸಲ ಬಂದವರು ಈ ಸೀರೆ ಕೊಟ್ಟು, “ನಿನ್ನ ಕಾಲಕ್ಕೆ ನಾನಿರ್ತೀನೋ ಇಲ್ವೋ, ಈಗ್ಲೇ ಇಟ್ಕೋ” ಎಂದಿದ್ದರಂತೆ. ಹೇಳಿದಂತೆಯೇ ಅವರು ಮೊದಲು ಹೋದರು. ಆ ಮನೆಯಲ್ಲಿ ಈಗ ಇನ್ನೊಂದು ಸೀರೆ ತರುವವರು ಯಾರೂ ಇಲ್ಲ. ಅತ್ತೆ ಅದನ್ನು ಒಂದು ದಿನವೂ ಉಟ್ಟವರಲ್ಲ. ಪ್ರತಿ ಅಮಾವಾಸ್ಯೆ ತೆಗೆದು, ಗಾಳಿಗೆ ಹಿಡಿದು, ಹೊಸ ಬೇವಿನ ಎಲೆ ಹಾಕಿ ಇಡುತ್ತಿದ್ದರು.

“ನಾನು ಕತ್ತರಿಸಿದ್ದು ರವಿಕೆ ಬಟ್ಟೆ ಅಲ್ವಾ?”

“ಆ ಕಾಲದ ಸೀರೆಗೆ ರವಿಕೆ ಬಟ್ಟೆ ಎಲ್ಲಿತ್ತು? ಅದು ಸೀರೇನೇ. ಒಳಸೆರಗು. ಮುಕ್ಕಾದ ಸೀರೆ ಹೆಣಕ್ಕೆ ಹೊದಿಸ್ತಾರಾ? ಶುಕ್ರವಾರ ಅಮಾಸೆ. ಅಷ್ಟ್ರೊಳಗೆ ಆ ತುಂಡು ತಂದ್ಕೊಡಿ, ಹೆಂಗಾದ್ರೂ ನೇಯ್ದು ಸೇರ್ಸೋಣ.”

ರೇಷ್ಮೆ ಬೆಳೆಯೋ ಮನೇಲಿ ಎಂದು ನೀನೇ ಹೇಳಿದ್ದು ಎಂದೆ. ಅವಳು ನನ್ನನ್ನು ನೋಡಿದ ನೋಟದಲ್ಲಿ ಆ ವಾದ ಅಲ್ಲೇ ಸತ್ತಿತು.

ಮಂಗಳವಾರವೂ ಬುಧವಾರವೂ ನಾನು ಮಾವಿನ ತೋಪುಗಳಲ್ಲಿ ಕತ್ತು ಮೇಲೆತ್ತಿಕೊಂಡು ಓಡಾಡಿದೆ. ಶ್ರೀನಿವಾಸಪುರದ ಕಡೆ ಮೇ ತಿಂಗಳಲ್ಲಿ ಮಾವಿನ ತೋಪಿನಲ್ಲಿ ಕತ್ತು ಮೇಲೆತ್ತಿಕೊಂಡು ಓಡಾಡುವುದು ಸಂಭಾವಿತರ ಲಕ್ಷಣವಲ್ಲ. ಕಾಯಿ ತುಂಬಿ ಕೊಂಬೆಗಳು ನೆಲ ಮುಟ್ಟುತ್ತಿದ್ದವು. ಪ್ರತಿ ತೋಪಿಗೂ ಕಾವಲುಗಾರ, ಪ್ರತಿ ಕಾವಲುಗಾರನಿಗೂ ಕವಣೆ. ಮನೆಯಲ್ಲಿ ಅತ್ತೆ ಎಂದಿನಂತೆ ಮುದ್ದೆ ಬಡಿಸುತ್ತಿದ್ದರು, ಆದರೆ ಮಾತು ಕಡಿಮೆ. ಸಾರು ಇನ್ನಷ್ಟು ಬೇಕೇ ಎಂದು ಅವರು ಕೇಳಿದರೂ ನನಗೆ ಬೆಚ್ಚಿಬೀಳುವಂತಾಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಎರಡು ದಿನ ಬರಿಯ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದೆ.

ಬುಧವಾರ ಮಧ್ಯಾಹ್ನ ನಾಲ್ಕನೆಯ ತೋಪಿನಲ್ಲಿ ಒಬ್ಬ ಮುದುಕ ಕಾವಲುಗಾರ ಹಿಂದಿನಿಂದ ಬಂದು ನನ್ನ ಚೀಲ ಹಿಡಿದುಕೊಂಡ. ಗಡಿಯಾಚೆಯಿಂದ ಬಂದವನು, ಅವನ ಕನ್ನಡ ತೆಲುಗಿನ ಕಡೆಗೇ ವಾಲಿತ್ತು.

“ಮೂರು ದಿಕ್ಕಿಂದ ನೋಡ್ತಾ ಇದೀನಿ ಸ್ವಾಮಿ. ಎಷ್ಟು ಕಿತ್ರಿ?”

ನಾನು ಮೇಷ್ಟ್ರು ಎಂದೆ. ಹೋದ ವರ್ಷ ಸಿಕ್ಕಿಬಿದ್ದವರೂ ಮೇಷ್ಟ್ರೇ ಎಂದ. ಚೀಲದಲ್ಲಿದ್ದದ್ದು ರಾಕೆಟ್ಟಿನ ಕೊಳವೆ. ತುಂಡು ಸಿಕ್ಕರೆ ನನ್ನದೇ ಎಂದು ತೋರಿಸಲು ಜತೆಯಲ್ಲಿಟ್ಟುಕೊಂಡಿದ್ದೆ. ಅವನು ಅದನ್ನು ಹೊರಗೆ ತೆಗೆದು, ಬಳೆಗಳನ್ನು ಮುಟ್ಟಿ ನೋಡಿ, ಮೂಸಿ, ಇದು ಮಾವು ಕೀಳುವ ಯಂತ್ರ ಅಲ್ಲವೆಂದು ನಂಬಲು ಬಹಳ ಹೊತ್ತು ತೆಗೆದುಕೊಂಡ. ಕೊನೆಗೆ ನಾನು ಬದನೆಕಾಯಿ ಬಣ್ಣದ ಬಟ್ಟೆಯೊಂದು ಗಾಳಿಯಲ್ಲಿ ಬಂತಾ ಎಂದು ಕೇಳಿದೆ. ಅವನ ಮುಖ ಬದಲಾಯಿತು. ಚೀಲ ಬಿಟ್ಟು, ಕಾಲಿನ ಚಪ್ಪಲಿ ಕಳಚಿ, ಬನ್ನಿ ಎಂದ.

ತೋಪಿನ ನಡುವೆ ಹಳೆಯ ಬಾವಿ. ಬಾವಿಯ ಕಟ್ಟೆಯ ಮೇಲೆ ಮೊಳದುದ್ದದ ಕಲ್ಲು, ಅದು ಆ ತೋಪಿನ ಗಂಗಮ್ಮ. ಗಂಗಮ್ಮನ ಮೈಮೇಲೆ ನನ್ನ ಪ್ಯಾರಾಚೂಟು. ಎಂಟು ಮೂಲೆಯನ್ನೂ ನೀಟಾಗಿ ನೆರಿಗೆ ಹಿಡಿದು ಉಡಿಸಿ, ನನ್ನ ಎಂಟು ದಾರಗಳಿಂದಲೇ ಸೊಂಟಕ್ಕೆ ಕಟ್ಟಿದ್ದ. ಪಕ್ಕದಲ್ಲಿ ರಾಕೆಟ್ಟಿನ ಮೂತಿಗೆ ಅರಿಸಿನ ಕುಂಕುಮ ಹಚ್ಚಿ, ಮುಂದೆ ಒಡೆದ ತೆಂಗಿನಕಾಯಿ ಇಟ್ಟಿದ್ದ.

“ಸೋಮವಾರ ಇಲ್ಲೇ ಕುತ್ಕೊಂಡು ಅಮ್ಮನ ಹತ್ರ ಹೇಳ್ಕೊತಾ ಇದ್ದೆ ಸ್ವಾಮಿ, ಈ ಸಾರಿ ನಿಂಗೆ ಸೀರೆ ಉಡ್ಸೋಕೆ ಆಗ್ಲಿಲ್ಲ ತಾಯಿ ಅಂತ. ಆಕಾಶದಿಂದ ಬಂತು. ಪಟ್ಟು ಬಟ್ಟೆ.”

ಪಟ್ಟು ಅಂದರೆ ರೇಷ್ಮೆ. ಅದು ನನ್ನದು ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ದೇವರ ಮೈಮೇಲಿನ ಸೀರೆಯನ್ನು ಬಿಚ್ಚಿ ಕೊಡು ಎಂದು ಕೇಳುವ ಧೈರ್ಯ ದುಶ್ಶಾಸನನಿಗಾದರೂ ಇತ್ತೋ ಇಲ್ಲವೋ, ನನಗಂತೂ ಇರಲಿಲ್ಲ. ಕೈಮುಗಿದು, ಅವನು ಕೊಟ್ಟ ಕಾಯಿ ಚೂರು ತಿನ್ನುತ್ತ ಬಂದೆ.

ಇನ್ನು ಉಳಿದದ್ದು ಒಂದೇ ದಾರಿ. ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿ ಕೂತು ಸುತ್ತಿಗೆಯಿಂದ ಹುಣಸೆಹಣ್ಣು ಜಜ್ಜಿ ಬೀಜ ತೆಗೆಯುತ್ತಿದ್ದರು. ಸುತ್ತಿಗೆ ಕೆಳಗಿಡುವವರೆಗೆ ಕಾಯೋಣವೆಂದು ನಿಂತೆ. ಇಡಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಇಸ್ತ್ರಿ ಪೆಟ್ಟಿಗೆಯಿಂದ ಹಿಡಿದು ಗಂಗಮ್ಮನವರೆಗೆ.

“ಸೋಮವಾರ, ಮಂಗಳವಾರ, ಬುಧವಾರ” ಎಂದರು ಅತ್ತೆ. “ಮೂರು ದಿನ ಹಿಡೀತು ಹೇಳೋಕೆ. ನಮ್ಮಣ್ಣ ತಂದ ಬಣ್ಣ ನಂಗೆ ಗೊತ್ತಾಗಲ್ವಾ ಮೇಷ್ಟ್ರೇ? ಅವತ್ತು ಮಧ್ಯಾಹ್ನಾನೇ ತೆಗೆದು ನೋಡ್ದೆ.”

ನಾನು ಇನ್ನೊಂದು ತಂದುಕೊಡುತ್ತೇನೆ, ಅದಕ್ಕಿಂತ ಒಳ್ಳೆಯದು ಎಂದೆ. ಹೇಳುವಾಗಲೇ ಅದು ಎಂಥ ಪೆದ್ದು ಮಾತೆಂದು ಗೊತ್ತಾಯಿತು.

“ನೀವು ತಂದ್ರೆ ಅದು ಈ ಮನೆ ಸೀರೆ. ತವರದ್ದು ತರೋಕೆ ಅಲ್ಲಿ ಯಾರವ್ರೆ?” ಎಂದರು. ಮತ್ತೆ ಹುಣಸೆಹಣ್ಣು ಜಜ್ಜಿದರು. ಒಂದೆರಡು ಬೀಜ ಎಲ್ಲೋ ಹಾರಿದವು, ಹೆಕ್ಕಲಿಲ್ಲ. ಅವರು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ಮನೆಯಲ್ಲಿ ಇರಲು ನನಗೆ ನಿಜವಾಗಿ ನಾಚಿಕೆಯಾಯಿತು.

ಗುರುವಾರ ಬೆಳಗ್ಗೆ ಅವರೇ, ಸ್ಕೂಟರ್ ತೆಗೀರಿ ಎಂದರು. ತೋಪಿಗೆ ಹೋದೆವು. ಕಾವಲುಗಾರ ಅವರಿಗೂ ಕಥೆ ಹೇಳಿದ. ರಾತ್ರಿ ಕಳೆಯುವುದರೊಳಗೆ ಅದು ಬೆಳೆದಿತ್ತು, ಈಗ ಬಟ್ಟೆಯ ಜತೆ ಆಕಾಶದಲ್ಲಿ ಗಂಟೆಯ ಶಬ್ದವೂ ಸೇರಿಕೊಂಡಿತ್ತು. ಅತ್ತೆ ಗಂಗಮ್ಮನ ಹತ್ತಿರ ಹೋಗಿ ರೇಷ್ಮೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

“ಹೆಂಗೆ ಇಳೀತು ಅದು?” ಎಂದು ಅವನನ್ನು ಕೇಳಿದರು.

“ನಿಧಾನಕ್ಕಮ್ಮಾ. ಏನೂ ಅವಸರ ಇಲ್ದಂಗೆ. ಆ ಮರದ ಮೇಲೆ ಸ್ವಲ್ಪ ಹೊತ್ತು ನಿಂತ್ಕೊಂಡಿತ್ತು, ಆಮೇಲೆ ಬಂತು.”

ಅತ್ತೆ ತುಂಬ ಹೊತ್ತು ಅಲ್ಲೇ ಕೂತರು. ಏಳುವ ಮುಂಚೆ ಕಾವಲುಗಾರ ಕಟ್ಟಿದ್ದ ನೆರಿಗೆ ಸರಿಯಿಲ್ಲವೆಂದು ಬಿಚ್ಚಿ, ಗಂಗಮ್ಮನಿಗೆ ತಾವೇ ಹೊಸದಾಗಿ ಉಡಿಸಿದರು.

ಶುಕ್ರವಾರ ಅಮಾವಾಸ್ಯೆ. ಹುಳಗಳು ಹಣ್ಣಾಗಿ ಗೂಡು ಕಟ್ಟಲು ಹತ್ತಿದ್ದವು, ಹೆಂಡತಿ ಬೆಳಗಿನಿಂದ ಅವನ್ನು ಆರಿಸಿ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಬಿಡುತ್ತಿದ್ದಳು. ನಾನು ಜಗಲಿಯಲ್ಲಿ ಗಡ್ಡ ಕೆರೆಯುತ್ತ ಕೂತಿದ್ದೆ. ನಡುಮನೆಯಲ್ಲಿ ಟ್ರಂಕು ತೆಗೆದ ಸದ್ದು ಕೇಳಿಸಿತು. ಮುಚ್ಚಿದ ಸದ್ದು ಬಹಳ ಹೊತ್ತು ಬರಲಿಲ್ಲ. ಆಮೇಲೆ ಅತ್ತೆ ಹೊರಗೆ ಬಂದರು. ಆ ಸೀರೆ ಉಟ್ಟಿದ್ದರು. ಒಂದೂವರೆ ಮೊಳ ಕಡಿಮೆಯಾಗಿದ್ದರಿಂದ ನೆರಿಗೆ ನಾಲ್ಕೇ ಬಂದಿದ್ದವು. ಇಷ್ಟು ವರ್ಷದ ಮಡಿಕೆಗಳು ಮೈಮೇಲೆಲ್ಲ ಗೆರೆಗೆರೆಯಾಗಿ ಎದ್ದಿದ್ದವು. ಹೆಂಡತಿ ಶೆಡ್ಡಿನ ಬಾಗಿಲಲ್ಲಿ ಹುಳ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟಳು.

“ಏನೇ ಹಂಗ್ ನೋಡ್ತೀಯಾ?” ಎಂದರು ಮಗಳಿಗೆ. “ಮುಕ್ಕಾದ ಸೀರೆ ಹೆಣಕ್ಕೆ ಆಗಲ್ಲ ಕಣೇ. ಬದುಕಿರೋರು ಉಡ್ಬೋದು.”

ಬಣ್ಣದ ವಿಷಯದಲ್ಲಿ ಮಾತ್ರ ನಾನು ಸುಳ್ಳು ಹೇಳುವವನಲ್ಲ. ಅತ್ತೆ, ನಿಮಗೆ ಬಹಳ ಚೆನ್ನಾಗಿ ಒಪ್ಪುತ್ತದೆ ಎಂದೆ. ಅವರು ಹತ್ತಿರ ಬಂದು, ನನ್ನ ಕೈಯಲ್ಲಿದ್ದ ಗಡ್ಡ ಮಾಡಿಕೊಳ್ಳುವ ಕನ್ನಡಿ ತೆಗೆದುಕೊಂಡು, ಸೋಪಿನ ನೊರೆಯನ್ನು ಸೆರಗಿಗೆ ತಗುಲದ ಹಾಗೆ ಅಂಗೈಯಲ್ಲಿ ಒರೆಸಿ, ದೂರ ಹಿಡಿದು ನೋಡಿಕೊಂಡರು. ಮುಖ, ಹೆಗಲು, ಅಂಚು, ಮತ್ತೆ ಮುಖ.

“ನಾನು ಹೋದ್ಮೇಲೆ ಉಡ್ಸಿದ್ರೆ ಊರೆಲ್ಲ ನೋಡ್ತಿತ್ತು ಮೇಷ್ಟ್ರೇ” ಎಂದರು. “ನಾನೊಬ್ಳೇ ನೋಡ್ತಿರ್ಲಿಲ್ಲ.”